ಹವಳದ ತೊಟ್ಟಿ, ತಾಮ್ರದ ಹಂಡೆ

ಒಂಟಿಕೊಪ್ಪಲಿನಲ್ಲಿ ಇವತ್ತು ಮೀಸೆ ತಿರುವಿಕೊಂಡು ಓಡಾಡುವ ಎಷ್ಟೋ ಗಂಡಸರು ಹುಟ್ಟಿದ ಹೊಸದರಲ್ಲಿ ದೇವಿರಮ್ಮನ ಕಾಲ ಮೇಲೆ ಮಲಗಿ ಬೊಬ್ಬೆ ಹೊಡೆದವರೇ. ಅವರಲ್ಲಿ ಯಾರಾದರೂ ಬೈಕಿನಲ್ಲಿ ಎದುರಾದರೆ ಸಾಕು, ದೇವಿರಮ್ಮ ಕೈ ಅಡ್ಡ ಹಾಕಿ ನಿಲ್ಲಿಸಿ, "ಏನೋ, ಹುಟ್ಟಿದಾಗ ನಿನ್ ತಲೆ ಸೋರೆಕಾಯಿ ಅಂಗಿತ್ತು, ಒತ್ತಿ ಒತ್ತಿ ದುಂಡಗೆ ಮಾಡಿದ್ದು ನಾನು ಕಣೋ" ಎಂದು ಹಿಂದೆ ಕೂತ ಹೆಂಡತಿಯ ಎದುರಿಗೇ ಹೇಳಿಬಿಡುತ್ತಿದ್ದಳು. ಅವರು ಪಾಪ, ಏನು ಮಾಡಬೇಕು? ಹೆಲ್ಮೆಟ್ಟಿನ ಮೇಲೇ ತಲೆ ಸವರಿಕೊಂಡು ನಕ್ಕು ಮುಂದೆ ಹೋಗುತ್ತಿದ್ದರು.

ಬಾಣಂತಿಯರಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು, ಕೂಸಿಗೆ ಸ್ನಾನ ಮಾಡಿಸಿ, ಸಾಂಬ್ರಾಣಿ ಹೊಗೆ ಕೊಟ್ಟು, ಬಟ್ಟೆ ಸುತ್ತಿ ಮಲಗಿಸುವುದು ಅವಳ ಕಸುಬು. ನರಸೀಪುರದ ಕಡೆಯ ಬೇಸಾಯಗಾರರ ಮನೆಯಿಂದ ಪುಟ್ಟಸ್ವಾಮಿಯ ಕೈಹಿಡಿದು ಮೈಸೂರಿಗೆ ಬಂದಾಗ ಅವಳಿಗೆ ಅನ್ನ ಬಸಿಯಲೂ ಸರಿಯಾಗಿ ಬರುತ್ತಿರಲಿಲ್ಲ. ಈ ವಿದ್ಯೆ ಕಲಿಸಿದ್ದು ಅವಳ ಅತ್ತೆ. ಸಾಯುವ ಮುಂಚೆ ಒಂದು ತಾಮ್ರದ ಹಂಡೆಯನ್ನೂ ಅವಳ ಕೈಗಿಟ್ಟು ಹೋದಳು. ಲಾರಿ ಓಡಿಸುತ್ತಿದ್ದ ಪುಟ್ಟಸ್ವಾಮಿ, ಮಗ ಸಂಜಯ್ ಇನ್ನೂ ಹೈಸ್ಕೂಲಿನಲ್ಲಿದ್ದಾಗಲೇ ತೀರಿಹೋದ. ಆಮೇಲೆ ಆ ಮನೆ ನಡೆದದ್ದು ಆ ಹಂಡೆಯ ಬಿಸಿನೀರಿನಿಂದಲೇ.

ಆ ಹಂಡೆಯ ಮರ್ಯಾದೆ ಏನು ಕೇಳುತ್ತೀರಿ! ಗೀಸರು ಇದ್ದವರ ಮನೆಗೂ ದೇವಿರಮ್ಮ ಆಟೋದಲ್ಲಿ ಹಂಡೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೋಗುತ್ತಿದ್ದಳು. ದಿನವೂ ಹುಣಸೆಹಣ್ಣು ಹಾಕಿ ಮುಖ ಕಾಣುವ ಹಾಗೆ ಬೆಳಗಬೇಕು. ನೀರು ಬೆಚ್ಚಗಾದ ಮೇಲೆ ಮೊಣಕೈ ಅದ್ದಿ ನೋಡಬೇಕು, ಬೆರಳು ಅದ್ದಿದರೆ ಆಗದು, ಬೆರಳು ಸುಳ್ಳು ಹೇಳುತ್ತದಂತೆ. ಇನ್ನು ಮನೆಗೆ ಬಂದವರಿಗೆ ಅವಳದೊಂದು ಕಾನೂನಿತ್ತು. ಕೂಸು ನೋಡಲು ಯಾರೇ ಬರಲಿ, ಕೂಸಿನ ಅಪ್ಪನೇ ಬರಲಿ, ಕಾಲು ತೊಳೆದು, ಜಗಲಿಯ ಮೇಲೆ ಕೂತು, ಮೈ ಬೆವರು ಆರಿದ ಮೇಲೆಯೇ ಒಳಗೆ. ಬಚ್ಚಲಲ್ಲಂತೂ ಅವಳೊಬ್ಬಳದೇ ಬಾಯಿ. "ನಾನು ನೀರು ಹಾಕೋವಾಗ ಯಾರೂ ಉಸಿರೆತ್ತಂಗಿಲ್ಲ" ಎಂದರೆ ಹೆತ್ತ ತಾಯಿಯೂ ಗಪ್‌ಚಿಪ್.

ಯಾರನ್ನೂ ಉಸಿರೆತ್ತಗೊಡದ ಈ ಅಭ್ಯಾಸವೇ ಅವಳಿಗೆ ಮುಳುವಾಯಿತು. ಬನ್ನಿಮಂಟಪದಲ್ಲಿ ಸುಷ್ಮಾ ಎಂಬ ಹುಡುಗಿಯ ಬಾಣಂತನಕ್ಕೆ ಹೋಗಿದ್ದಳು. ಕೂಸಿನ ಕಿವಿಗೆ ಎಣ್ಣೆ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ ಅಂತ ಸುಷ್ಮಾ ಮೊದಲ ದಿನವೇ ಹೇಳಿದಳು. ದೇವಿರಮ್ಮ ಹೂಂಗುಟ್ಟಿದಳು, ಬಾಗಿಲು ಹಾಕಿಕೊಂಡು ಎರಡು ತೊಟ್ಟು ಬಿಟ್ಟಳು. ಸ್ವಲ್ಪ ದಿನಕ್ಕೆ ಕೂಸಿನ ಕಿವಿ ಸೋರಿತು. ಹುಡುಗಿ ಅತ್ತು ಕರೆದು ಕೇಳಿದಳು, "ಎಣ್ಣೆ ಬಿಟ್ರಾ ಅಜ್ಜಿ?" ಅಂತ. "ನನ್ನೆಣ್ಣೆಗೆ ಸೋರಿದ್ದಲ್ಲ ಕಣಮ್ಮ, ನಿಮ್ಮ ಎಸಿ ಗಾಳಿಗೆ" ಎಂದು ದೇವಿರಮ್ಮ ಹಂಡೆ ಎತ್ತಿಕೊಂಡು ಎದ್ದು ಬಂದಳು. ಕೂಸು ಹುಷಾರಾಯಿತು, ಆದರೆ ಸುದ್ದಿ ನಿಲ್ಲಲಿಲ್ಲ. ಬನ್ನಿಮಂಟಪದಿಂದ ಒಂಟಿಕೊಪ್ಪಲಿಗೆ ಎಷ್ಟು ದೂರ? ಆಮೇಲೆ ಅವಳನ್ನು ಕರೆಯಲು ಒಬ್ಬರೂ ಬರಲಿಲ್ಲ. ಹಂಡೆ ಬಚ್ಚಲಿನ ಮೂಲೆಯಲ್ಲಿ ಬೋರಲು ಬಿತ್ತು. ಕೆಲಸವಿಲ್ಲದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುವುದು ಎಷ್ಟು ಸಂಕಟ ಎಂದು ಅವಳಿಗೆ ಆಗ ಗೊತ್ತಾಯಿತು.

ಅದೇ ಹೊತ್ತಿಗೆ ಸೊಸೆ ಅನುಗೆ ತಿಂಗಳು ನಿಂತಿತು.

ಅನು ಜಯಲಕ್ಷ್ಮಿಪುರಂನ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಲೆಕ್ಚರರು. ಒಳ್ಳೆಯ ಹುಡುಗಿ, ಆದರೆ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡುವವಳಲ್ಲ. ತಾಯಿ ಇಲ್ಲದ ಅವಳಿಗೆ ಬಾಣಂತನ ಗಂಡನ ಮನೆಯಲ್ಲೇ ಆಗಬೇಕಿತ್ತು. ಊರಿನ ಕೂಸುಗಳಿಗೆಲ್ಲ ನೀರೆರೆದ ದೇವಿರಮ್ಮನಿಗೆ ಸ್ವಂತ ಮೊಮ್ಮಗುವಿಗೆ ನೀರೆರೆಯುವ ದಿನ ಬಂತು ಎಂದು ಎಷ್ಟು ಸಂತೋಷವಾಯಿತೆಂದರೆ, ಅವತ್ತೇ ಹಳೇ ಸೀರೆಗಳನ್ನೆಲ್ಲ ಒಗೆದು ಕೂಸಿಗೆ ಸುತ್ತುವ ಬಟ್ಟೆಯಾಗಿ ಹರಿದಿಟ್ಟಳು. ಆದರೆ ಒಂದು ದಿನ ಒಗ್ಗರಣೆ ಹಾಕುತ್ತಿದ್ದಾಗ ರೂಮಿನೊಳಗಿಂದ ಅನುವಿನ ಮಾತು ಕಿವಿಗೆ ಬಿತ್ತು. "ನಿಮ್ಮಮ್ಮನ ಕೈ ಒಳ್ಳೇದೇ ಕಣ್ರೀ. ಆದ್ರೆ ಹೇಳಿದ್ದು ಕೇಳ್ತಾರಾ? ಸುಷ್ಮಾ ಮಗೂಗೆ ಆದದ್ದು ನಮ್ಮ ಮಗೂಗೂ ಆದ್ರೆ? ಒಬ್ಬ ನರ್ಸ್ ನಂಬರ್ ತಗೊಂಡಿದೀನಿ, ನೋಡೋಣ." ಸಂಜಯ್ ಏನೋ ಗೊಣಗಿದ. ಇತ್ತ ಸಾಸಿವೆ ಸೀದುಹೋಗುತ್ತಿದ್ದರೂ ದೇವಿರಮ್ಮ ಒಲೆ ಆರಿಸಲಿಲ್ಲ. ಅವತ್ತಿನಿಂದ ಅವಳ ತಲೆಯಲ್ಲಿ ಒಂದೇ ವಿಚಾರ: ಈ ಹುಡುಗಿ ನನ್ನ ಕೈಗೆ ಮಗು ಕೊಡುತ್ತಾಳೋ ಇಲ್ಲವೋ?

ಇನ್ನು ಮನೆಯಲ್ಲಿದ್ದ ಮೀನಿನ ತೊಟ್ಟಿಯ ಸಮಾಚಾರ. ಅನು ಮದುವೆಯಾಗಿ ಬರುವಾಗ ಜೊತೆಯಲ್ಲಿ ತಂದದ್ದು ಅದೊಂದೇ. ನಡುಮನೆಯ ಅರ್ಧ ಗೋಡೆಯಷ್ಟು ಉದ್ದದ ಗಾಜಿನ ತೊಟ್ಟಿ, ಅದಕ್ಕೊಂದು ನೀಲಿ ದೀಪ. ಒಳಗೆ ಕಡಲಿನ ಕಲ್ಲುಬಂಡೆ, ಅದರ ಮೇಲೆ ಜೀವಂತ ಹವಳ. ಹವಳವೆಂದರೆ ಸರದಲ್ಲಿ ಪೋಣಿಸುವ ಕೆಂಪು ಮಣಿ ಎಂದಷ್ಟೇ ತಿಳಿದಿದ್ದ ದೇವಿರಮ್ಮ, ಅದು ಹಗಲಲ್ಲಿ ಸೇವಂತಿಗೆಯ ಹಾಗೆ ಅರಳಿ ಸಂಜೆ ಮುದುಡುವುದನ್ನು ಕಂಡು ಬೆರಗಾಗಿದ್ದಳು. ಬಸವನಹುಳು, ಮೀಸೆ ಆಡಿಸುತ್ತಾ ತಿರುಗುವ ಒಂದು ಸೀಗಡಿ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಒಂದು ಜೊತೆ ಮೀನು. ಅರಿಶಿನ ಹಚ್ಚಿಸಿಕೊಂಡವರ ಹಾಗೆ ಕಾಣುತ್ತಿದ್ದ ಆ ಜೋಡಿಯನ್ನು ದೇವಿರಮ್ಮ ಮದುಮಕ್ಕಳು ಎಂದೇ ಕರೆಯುತ್ತಿದ್ದಳು. ಅಂಗಡಿಯಿಂದ ವಿಶೇಷವಾದ ಉಪ್ಪಿನ ಪ್ಯಾಕೆಟ್ಟು ತಂದು, ಶುದ್ಧ ನೀರಿಗೆ ಕಲಸಿ, ಆಗಾಗ್ಗೆ ಹಳೆಯ ನೀರು ತೆಗೆದು ಹೊಸದು ಹಾಕಬೇಕು. "ಇದೇನಮ್ಮ, ಮೀನು ಸಾಕೋದೋ, ಉಪ್ಪಿನಕಾಯಿ ಹಾಕೋದೋ?" ಎಂದು ಮೊದಮೊದಲು ರೇಗಿಸುತ್ತಿದ್ದವಳು ಕ್ರಮೇಣ ಮಧ್ಯಾಹ್ನದ ಕಾಫಿಯನ್ನು ತೊಟ್ಟಿಯ ಮುಂದೆಯೇ ಕುಡಿಯತೊಡಗಿದಳು.

ಅನುಗೆ ಆರು ತಿಂಗಳು ತುಂಬಿದ ಸಮಯದಲ್ಲಿ ಅಕ್ವೇರಿಯಂ ಅಂಗಡಿಯ ಲೋಕೇಶ್ ಹತ್ತಿರ ಒಂದು ಹೊಸ ಮೀನು ಬಂತು. ನಿಂಬೆಹಣ್ಣಿನ ಬಣ್ಣ, ತಟ್ಟೆಯಂಥ ಮೈ. ಅನು ಆಸೆಪಟ್ಟು ತಂದಳು.

"ಹೊರಗಿನಿಂದ ಬಂದಿರೋದು ಕಣಮ್ಮ" ಎಂದಳು ದೇವಿರಮ್ಮ. "ನಾಕು ದಿನ ಬೇರೆ ಪಾತ್ರೇಲಿ ಇಡು. ಯಾವ ಊರ ನೀರೋ ಏನೋ. ಬಾಣಂತಿ ಮನೆಗೆ ಬಂದೋರ್ನೂ ನಾವು ಸೀದಾ ಒಳಕ್ಕೆ ಬುಡಲ್ಲ."

ಅನು ನಕ್ಕಳು. "ಮೀನಿಗೆ ಯಾವ ಕಾಲು ತೊಳೆಸಲಿ ಅತ್ತೆ?"

ಒಳ್ಳೆಯ ಮನಸ್ಸಿನ ನಗುವೇ ಅದು. ಆದರೂ ದೇವಿರಮ್ಮನಿಗೆ ಚುರುಕ್ಕೆಂದಿತು, ಎದ್ದು ಅಡುಗೆಮನೆಗೆ ಹೋದಳು. ಹಳದಿ ಮೀನು ಸೀದಾ ತೊಟ್ಟಿಗೆ ಹೋಯಿತು.

ವಾರ ಕಳೆದಿರಲಿಕ್ಕಿಲ್ಲ, ಕಾಫಿ ಲೋಟ ಹಿಡಿದು ಕೂತ ದೇವಿರಮ್ಮನ ಕಣ್ಣಿಗೆ ಏನೋ ಬಿತ್ತು. ಮದುಮಕ್ಕಳ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಬಿಳಿ ಚುಕ್ಕೆ. ಹಳದಿ ಮೀನು ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿತ್ತು. ಅವಳು ಲೋಟ ಅಲ್ಲೇ ಕುಕ್ಕಿ ಕೂಗಿದಳು. "ಅಯ್ಯೋ ಅನು, ಬಾ ಇಲ್ಲಿ! ಮದುಮಕ್ಕಳಿಗೆ ಅಮ್ಮ ಬಂದವ್ಳೆ!"

ಅನು ಓಡಿ ಬಂದು ಗಾಜಿಗೆ ಮೂಗು ಒತ್ತಿ ನೋಡಿದಳು. "ಅಮ್ಮ ಅಲ್ಲ ಅತ್ತೆ, ಬಿಳಿ ಚುಕ್ಕೆ ರೋಗ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಮೀನಿನ ಚರ್ಮದೊಳಗೆ ಕೂತು ತಿನ್ನುತ್ತೆ, ಆಮೇಲೆ ಮರಳಿಗೆ ಬಿದ್ದು ಒಂದು ನೂರಾಗಿ ಮತ್ತೆ ಮೀನು ಹುಡುಕ್ಕೊಂಡು ಬರುತ್ತೆ."

"ಮೀನೇ ಸಿಗ್ದೆ ಹೋದ್ರೆ?"

"ಹಸಿದು ಸಾಯುತ್ತೆ. ಅದಕ್ಕೇ ಮೀನನ್ನೆಲ್ಲ ಹಿಡಿದು ಬೇರೆ ಟಬ್ಬಿಗೆ ಹಾಕಿ ಔಷಧಿ ಕೊಡಬೇಕು. ಎರಡೂವರೆ ತಿಂಗಳು ಈ ತೊಟ್ಟೀಲಿ ಒಂದು ಮೀನೂ ಇರಬಾರದು."

"ಬಾಣಂತಿ ಕೋಣೆ ಮಾಡ್ಬೇಕು ಅನ್ನು" ಎಂದಳು ದೇವಿರಮ್ಮ. "ನಾನವತ್ತೇ ಹೇಳಿದ್ನಲ್ಲ" ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಸೊಸೆಯ ಕಣ್ಣಲ್ಲಿ ನೀರು ಕಂಡು ನುಂಗಿಕೊಂಡಳು.

ಮೀನು ಹಿಡಿಯುವುದೇನು ಸುಲಭವೇ? ಅನುವಿಗೆ ಹೊಟ್ಟೆ ಅಡ್ಡ, ಬಗ್ಗಲಾಗದು. ಸಂಜಯ್ ಬಲೆ ಹಿಡಿದು ತೊಟ್ಟಿಯೊಳಗೆ ಗುದ್ದಾಡಿ ಅರ್ಧ ನೀರನ್ನು ಸೋಫಾಕ್ಕೆ ಕುಡಿಸಿದ, ಮೀನು ಮಾತ್ರ ಕಲ್ಲಿನ ಸಂದಿ ಬಿಟ್ಟು ಬರಲಿಲ್ಲ. "ಸರ್ಕೊಳೋ ಆಕಡೆ, ಎಮ್ಮೆ ತೊಳೀತಾ ಇದೀಯೇನೋ?" ಎಂದು ಮಗನನ್ನು ತಳ್ಳಿ ದೇವಿರಮ್ಮ ತೋಳು ಮಡಿಸಿದಳು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ ಮುಳುಗಿಸಿ ಹಿಡಿದಳು. ಇನ್ನೊಂದು ಕೈಯನ್ನು ನೀರೊಳಗೆ ಬಿಟ್ಟು ಅಲ್ಲಾಡಿಸದೆ ಕೂತಳು. ಎಣ್ಣೆ ಹಚ್ಚಿದ ಕೂಸನ್ನು ಜಾರದಂತೆ ತಿರುಗಿಸಿದ ಕೈ ಅದು, ಅದಕ್ಕೆ ಅವಸರವೆಂಬುದೇ ಗೊತ್ತಿಲ್ಲ. ಮೀನುಗಳಿಗೆ ಆ ಕೈ ಕಲ್ಲೇ ಅನ್ನಿಸಿತೋ ಏನೋ, ಮೆಲ್ಲಗೆ ಈಚೆ ಬಂದವು. ಮೆಲ್ಲಗೆ ತಡವುತ್ತಾ ಒಂದೊಂದಾಗಿ ಮೂರನ್ನೂ ಡಬ್ಬಿಯೊಳಕ್ಕೆ ದಾಟಿಸಿದಳು.

"ಅತ್ತೆ, ಏನು ಕೈ ನಿಮ್ಮದು!" ಅನು ಚಪ್ಪಾಳೆ ಹೊಡೆದಳು.

ದೇವಿರಮ್ಮ ಉಬ್ಬಿಹೋದಳು. ಅವತ್ತು ರಾಗಿಮುದ್ದೆಗೆ ತುಪ್ಪ ಎರಡು ಚಮಚ ಹೆಚ್ಚೇ ಬಿತ್ತು.

ಅಡುಗೆಮನೆಯ ಪಕ್ಕದ ಮೂಲೆಯಲ್ಲಿ ಟಬ್ಬು ಇಟ್ಟು, ಗಾಳಿಯ ಪಂಪು ಜೋಡಿಸಿದ್ದಾಯಿತು. ದೇವಿರಮ್ಮ ಅದರ ಮೇಲಿನ ಗೋಡೆಗೆ ಒಂದು ಬೇವಿನ ಕೊಂಬೆ ಸಿಕ್ಕಿಸಿದಳು. "ನೀರಿಗೆ ಮಾತ್ರ ಹಾಕಬೇಡಿ ಅತ್ತೆ" ಎಂದಳು ಅನು, ಕೊಂಬೆಯನ್ನು ತೆಗೆಸಲಿಲ್ಲ. ಔಷಧಿ ಹನಿಸಿ ಎಚ್ಚರಿಸಿದಳು. "ಇದು ಟಬ್ಬಿಗೆ ಮಾತ್ರ. ಒಂದು ತೊಟ್ಟು ಆ ಕಡೆ ಬಿದ್ರೂ ಹವಳ, ಬಸವನಹುಳು, ಸೀಗಡಿ ಎಲ್ಲ ಸತ್ತುಹೋಗುತ್ತೆ. ಟಬ್ಬಿಗಿಟ್ಟ ಕೈಯನ್ನ ತೊಳೆಯದೆ ತೊಟ್ಟಿಗಿಡಬೇಡಿ." ಆ ಔಷಧಿ ಯಾತರದ್ದು ಎಂದು ಅವಳು ಹೇಳಲಿಲ್ಲ, ಇವಳು ಕೇಳಲಿಲ್ಲ. ಕೇಳುವುದು ದೇವಿರಮ್ಮನ ಜಾಯಮಾನದಲ್ಲೇ ಇರಲಿಲ್ಲವಲ್ಲ. ಹಳದಿ ಮೀನು ಉಳಿಯಲಿಲ್ಲ. ಮದುಮಕ್ಕಳು ಮಾತ್ರ ದಿನದಿಂದ ದಿನಕ್ಕೆ ಚೇತರಿಸಿಕೊಂಡವು.

ಅಷ್ಟರಲ್ಲಿ ಅನುವಿನ ಕಾಲು ಊದಿ ರಕ್ತದೊತ್ತಡ ಏರಿತು. ನಾಲ್ಕು ದಿನ ಇಲ್ಲೇ ಇರಲಿ ಎಂದು ಡಾಕ್ಟರು ನರ್ಸಿಂಗ್ ಹೋಮಿಗೆ ಸೇರಿಸಿಕೊಂಡರು. ಸಂಜಯ್ ಅಲ್ಲೇ ನಿಂತ. ಮನೆಯಲ್ಲಿ ಉಳಿದದ್ದು ದೇವಿರಮ್ಮ, ಟಬ್ಬಿನ ಮೀನು, ತೊಟ್ಟಿಯ ಹವಳ.

ಅನು ಹಾಸಿಗೆಯಿಂದಲೇ ಫೋನು ಮಾಡಿದಳು. "ಅತ್ತೆ, ತೊಟ್ಟಿ ನೀರು ಬದಲಾಯಿಸಬೇಕು. ಬಿಳೀ ಡ್ರಮ್ಮಲ್ಲೇ ಉಪ್ಪು ಕಲಸಿ, ರಾಡ್ ಹಾಕಿ ಬೆಚ್ಚಗೆ ಮಾಡಿ, ಆಮೇಲೆ ಹಾಕಿ. ಡ್ರಮ್ಮಲ್ಲೇ. ಮರೀಬೇಡಿ."

"ಎಲ್ಲಾ ಗೊತ್ತು ಕಣಮ್ಮ. ನೀನು ಕಣ್ಮುಚ್ಚಿ ಮಲ್ಕೊ."

ಫೋನಿಟ್ಟು ಬಚ್ಚಲಿಗೆ ಹೋಗಿ ಡ್ರಮ್ಮು ನೋಡಿದಳು. ಒಳಗೆ ಮೂಗಿಟ್ಟರೆ ಪ್ಲಾಸ್ಟಿಕ್ ವಾಸನೆ. ಇದರಲ್ಲಿ ಕರೆಂಟಿನ ಕಡ್ಡಿ ಇಳಿಬಿಟ್ಟು ನೀರು ಕಾಯಿಸಿ, ಹೂವಿನಂಥ ಜೀವಗಳಿಗೆ ಹಾಕುವುದೇ? ಥೂ! ಹಾಗಂದುಕೊಂಡು ತಿರುಗಿದರೆ ಮೂಲೆಯಲ್ಲಿ ಹಂಡೆ. ಎಷ್ಟು ಕಾಲವಾಗಿತ್ತು ಅದಕ್ಕೆ ನೀರು ತುಂಬಿ! ಅವಳ ಕೈ ತಾನಾಗಿಯೇ ಹುಣಸೆಹಣ್ಣಿನ ಡಬ್ಬಿಗೆ ಹೋಯಿತು. ಉಜ್ಜಿ ಉಜ್ಜಿ ಬೆಳಗಿದಳು. ಹಂಡೆ ಮೊದಲಿನ ಹಾಗೆ ಕೆಂಪಗೆ ಹೊಳೆಯಿತು, ಅದರೊಳಗೆ ಅವಳ ಮುಖವೂ ನಗುತ್ತಿತ್ತು. ಸಂಜೆ ಉಪ್ಪು ಕಲಸಿ ಮುಚ್ಚಿಟ್ಟು, ಬೆಳಿಗ್ಗೆ ಒಲೆಯ ಮೇಲೆ ಬೆಚ್ಚಗೆ ಮಾಡಿ, ಮೊಣಕೈ ಅದ್ದಿ ನೋಡಿ ತೃಪ್ತಿಯಾದ ಮೇಲೆ ತೊಟ್ಟಿಯ ಹಳೆಯ ನೀರು ತೆಗೆದು ಹೊಸದನ್ನು ತಂಬಿಗೆ ತಂಬಿಗೆಯಾಗಿ ಎರೆದಳು. ಕೂಸಿನ ಕಣ್ಣಿಗೆ ನೀರು ಬೀಳದಂತೆ ಹಣೆಗೆ ಕೈ ಅಡ್ಡ ಹಿಡಿಯುತ್ತಾರಲ್ಲ, ಹಾಗೇ ಹವಳದ ಮೇಲೆ ಕೈ ಅಡ್ಡ ಹಿಡಿದು ಎರೆದಳು. ಇಷ್ಟು ಪ್ರೀತಿಯಿಂದ ಆ ತೊಟ್ಟಿಗೆ ಇದುವರೆಗೆ ಯಾರೂ ನೀರು ಹಾಕಿರಲಿಲ್ಲ, ಅದಂತೂ ಸತ್ಯ.

ಮಾರನೆಯ ದಿನ ನೀಲಿ ದೀಪ ಹೊತ್ತಿತು, ಹವಳ ಅರಳಲಿಲ್ಲ.

ಇನ್ನೂ ಹೊತ್ತಾಗಿಲ್ಲವೇನೋ ಎಂದು ಕಾದಳು. ಸೇವಂತಿಗೆಯಂತಿದ್ದದ್ದು ನೆನೆಸಿದ ಹತ್ತಿಯ ಹಾಗೆ ಕುಗ್ಗಿ ಲೋಳೆ ಬಿಡುತ್ತಿತ್ತು. ಬಸವನಹುಳುಗಳು ಗಾಜಿನಿಂದ ಕಳಚಿ ಮರಳ ಮೇಲೆ ಬೋರಲಾಗಿ ಬಿದ್ದಿದ್ದವು. ಸೀಗಡಿ ಮಗ್ಗುಲಾಗಿ ಮಲಗಿ ಒಂದು ಕಾಲು ಮಾತ್ರ ಅಲ್ಲಾಡಿಸುತ್ತಿತ್ತು. ನೋಡನೋಡುತ್ತಿದ್ದ ಹಾಗೆ ಅದೂ ನಿಂತಿತು. ಔಷಧಿಯ ತೊಟ್ಟು ಬಿತ್ತೇ? ಇಲ್ಲ, ಟಬ್ಬಿನ ಹತ್ತಿರ ಹೋದಾಗಲೆಲ್ಲ ಕೈ ತೊಳೆದಿದ್ದಳು. ಹಾಗಾದರೆ ಮತ್ತೇನು? ಬಚ್ಚಲಿಗೆ ಹೋಗಿ ಹಂಡೆಯೊಳಗೆ ಬಗ್ಗಿ ನೋಡಿದಳು. ಉಪ್ಪುನೀರು ನಿಂತಿದ್ದ ಮಟ್ಟದಲ್ಲಿ ಸುತ್ತಲೂ ಹಸಿರು ಗೆರೆ.

ಕಿಲುಬು.

ಉಪ್ಪು ಬಿದ್ದರೆ, ಹುಳಿ ಬಿದ್ದರೆ ತಾಮ್ರ ಕಿಲುಬುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾಮ್ರದ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟಳೆಂದು ಹೊಸ ಮದುವಣಗಿತ್ತಿಯಾಗಿದ್ದಾಗ ಅತ್ತೆಯ ಕೈಲಿ ತಲೆಗೆ ಮೊಟಕಿಸಿಕೊಂಡವಳು ಅವಳು. ಗೊತ್ತಿದ್ದೂ ಗೊತ್ತಿದ್ದೂ ಮಾಡಿದ್ದಳು. ಡ್ರಮ್ಮಲ್ಲೇ, ಡ್ರಮ್ಮಲ್ಲೇ ಎಂದು ಆ ಹುಡುಗಿ ಎರಡು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳದೆ ಹೋದಳಲ್ಲ! ದೇವಿರಮ್ಮ ಬಚ್ಚಲ ಕಲ್ಲಿನ ಮೇಲೆ ಕುಸಿದು ಕೂತು ಅತ್ತಳು. ಅತ್ತದ್ದು ಹವಳಕ್ಕೆ ಮಾತ್ರವಲ್ಲ. ಇನ್ನು ಆ ಮಗು ನನ್ನ ಕೈಗೆ ಬರುವುದಿಲ್ಲ ಎಂದು ಅವಳಿಗೆ ಅಲ್ಲೇ ಖಾತ್ರಿಯಾಗಿತ್ತು.

ಅದೇ ದಿನ ಮಧ್ಯಾಹ್ನ ಅನು ಮನೆಗೆ ಬಂದಳು. ಚಪ್ಪಲಿಯನ್ನೂ ಬಿಡದೆ ತೊಟ್ಟಿಯ ಮುಂದೆ ನಿಂತಳು. ಕಾಲೇಜು ಓದುವಾಗಿನಿಂದ ಒಂದೊಂದೇ ಚೂರು ತಂದು ಬೆಳೆಸಿದ ಹವಳ ಅದು. ನಿಂತಲ್ಲಿಂದಲೇ ಲೋಕೇಶ್‌ಗೆ ಫೋನು ಹಚ್ಚಿದಳು. "ಏನು ಉಪ್ಪು ಕೊಟ್ರಿ ಲೋಕೇಶ್? ಹಳೇ ಪ್ಯಾಕೆಟ್ಟಾ? ಇಲ್ಲಿ ಎಲ್ಲ ಸತ್ತುಹೋಗಿದೆ ನೋಡಿ!" ಆ ಕಡೆಯಿಂದ ಲೋಕೇಶ್ ಆಣೆ ಪ್ರಮಾಣ ಮಾಡುತ್ತಿದ್ದದ್ದು ಅಡುಗೆಮನೆಯವರೆಗೂ ಕೇಳಿಸಿತು.

ಹಂಡೆಯನ್ನು ಆಗಲೇ ತೊಳೆದಿಟ್ಟಾಗಿತ್ತು. ದೇವಿರಮ್ಮ ಬಾಯಿ ಮುಚ್ಚಿಕೊಂಡಿದ್ದರೆ ತಪ್ಪು ಉಪ್ಪಿನ ಪ್ಯಾಕೆಟ್ಟಿನ ಮೇಲೆ ಹೋಗುತ್ತಿತ್ತು. ಬನ್ನಿಮಂಟಪದಲ್ಲಿ ಎಸಿ ಗಾಳಿಯ ಮೇಲೆ ಹೋಗಿತ್ತಲ್ಲ, ಹಾಗೇ. ಸುಷ್ಮಾ ಕೂಸನ್ನು ಎದೆಗವಚಿಕೊಂಡು ಕೇಳಿದ ಮುಖ ಅವಳ ಕಣ್ಣಮುಂದೆ ಬಂದು ನಿಂತಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಡುಮನೆಗೆ ಬಂದಳು.

"ಅವನ್ನ ಬೈಬ್ಯಾಡ ಕಣಮ್ಮ. ಉಪ್ಪಿಂದಲ್ಲ. ನೀನು ಡ್ರಮ್ಮಲ್ಲಿ ಅಂದೆ, ನಾನು ಹಂಡೇಲಿ ಕಲಸಿ ಕಾಯಿಸ್ದೆ. ಕಿಲುಬು ಬಿಟ್ಬುಡ್ತು. ನಾನೇ ಸಾಯಿಸ್ಬುಟ್ಟೆ."

ಅನು ಫೋನನ್ನು ಕೆಳಗಿಳಿಸಿದಳು. "ಡ್ರಮ್ಮಲ್ಲೇ ಅಂದಿದ್ನಲ್ಲ ಅತ್ತೆ! ಒಂದು ಮಾತು, ಒಂದೇ ಒಂದು ಮಾತು ಕೇಳಕ್ಕಾಗಲ್ವಾ ನಿಮಗೆ?" ಎಂದವಳು ಹೊಟ್ಟೆ ಹಿಡಿದುಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜಯ್ ಅಮ್ಮನ ಮುಖ ನೋಡಿದ, ಹೆಂಡತಿಯ ಬಾಗಿಲು ನೋಡಿದ, ಯಾವ ಕಡೆಗೂ ಹೋಗಲಾರದೆ ಸತ್ತ ಬಸವನಹುಳುಗಳನ್ನು ಒಂದೊಂದಾಗಿ ಆರಿಸತೊಡಗಿದ.

ಎರಡು ದಿನ ಆ ಮನೆಯಲ್ಲಿ ಪಾತ್ರೆಗಳದೇ ಮಾತು. ಮೂರನೆಯ ದಿನ ಬೆಳಿಗ್ಗೆ ಅನು ಎದ್ದು ಬಂದಾಗ ದೇವಿರಮ್ಮ ಬಿಳೀ ಡ್ರಮ್ಮಿನ ಮುಂದೆ ಉಪ್ಪಿನ ಪ್ಯಾಕೆಟ್ಟು ಹಿಡಿದು, ಬಿಚ್ಚದೆ ನಿಂತಿದ್ದಳು.

"ಎಷ್ಟು ಹಾಕ್ಲಿ? ನೀನು ಹೇಳು, ನಾನು ಮಾಡ್ತೀನಿ. ಕಿಲುಬು ನೀರೆಲ್ಲ ತೆಗೆದು ಹೊಸದು ಹಾಕುವ. ಏನಾದ್ರೂ ಒಂದು ಉಳಿದಿದ್ರೆ ಉಳೀಲಿ."

ಅನು ಒಂದು ಕುರ್ಚಿ ಎಳೆದುಕೊಂಡು ಬಚ್ಚಲ ಬಾಗಿಲಲ್ಲಿ ಕೂತು ಹೇಳತೊಡಗಿದಳು. ಇವಳು ಮಾಡತೊಡಗಿದಳು. ತಾಮ್ರ ಹೀರುವ ಇದ್ದಿಲ ಪುಡಿಯ ಚೀಲವನ್ನು ಲೋಕೇಶ್ ತಂದುಕೊಟ್ಟ. ಅನು ತನ್ನನ್ನು ಬೈದದ್ದಕ್ಕೆ ಅವನು ಮುಖ ಊದಿಸಿಕೊಂಡೇ ಬಂದಿದ್ದ, ದೇವಿರಮ್ಮ ಎರಡು ಚಕ್ಕುಲಿ ಕೊಟ್ಟು ಸಮಾಧಾನ ಮಾಡಿದಳು. ಅಂದಿನಿಂದ ನೀರು ಹೊತ್ತದ್ದೂ ಅವಳೇ, ಕಲಸಿದ್ದೂ ಅವಳೇ. ಆದರೆ ತೊಟ್ಟಿಗೆ ಕೈ ಇಡುವ ಮುಂಚೆ ಪ್ರತಿ ಸಲವೂ, "ಇಡ್ಲಾ ಕಣಮ್ಮ?" ಎಂದು ಕೇಳುವಳು. ಕೇಳಿ ಅಭ್ಯಾಸವಿಲ್ಲದ ಬಾಯಿ ಅದು.

ಒಂದು ದಿನ ಟಬ್ಬಿನ ಮೀನುಗಳಿಗೆ ಆಹಾರ ಉದುರಿಸುತ್ತಾ ಅನು ತಾನಾಗಿಯೇ ಬಾಯಿಬಿಟ್ಟಳು. "ಈ ಔಷಧೀಲಿ ಇರೋದೂ ತಾಮ್ರಾನೇ ಅತ್ತೆ. ಅಳತೆ ಮೀರದ ಹಾಗೆ ಕೊಟ್ರೆ ಹುಳ ಸಾಯುತ್ತೆ, ಮೀನು ತಡ್ಕೊಳುತ್ತೆ. ಹವಳ ತಡ್ಕೊಳಲ್ಲ. ಅವತ್ತೇ ನಾನು ನಿಮಗೆ ಇದನ್ನ ಹೇಳಬೇಕಿತ್ತು."

"ನಾನೂ ಕೇಳ್ಬೇಕಿತ್ತು ಬುಡು."

"ಹೊಸ ಮೀನು ಬೇರೆ ಇಡು ಅಂದ್ರಿ, ನಾನು ನಕ್ಕುಬಿಟ್ಟೆ. ಕಾಲೇಜಲ್ಲಿ ಹುಡುಗರಿಗೆ ಅದನ್ನೇ ಪಾಠ ಮಾಡ್ತೀನಿ, ಮನೇಲಿ ಮರೆತೆ. ರೋಗ ತಂದೋಳು ನಾನೇ ಅತ್ತೆ."

"ಕಾಲು ಇಳಿಬಿಟ್ಕೊಂಡು ಕೂರ್ಬ್ಯಾಡ, ಊದ್ತದೆ" ಎಂದು ದೇವಿರಮ್ಮ ಗದರಿ ಒಂದು ಮಣೆ ತಂದಿಟ್ಟಳು.

ಹವಳದಲ್ಲಿ ಹೆಚ್ಚಿನದು ಹೋಯಿತು. ಕಲ್ಲಿನ ಹಿಂಬದಿಯಲ್ಲಿ ಬೆಳೆದಿದ್ದ ಒಂದು ಹಸಿರು ಚೂರು ಮಾತ್ರ, ಒಂದು ದಿನ ದೇವಿರಮ್ಮನ ಕಾಫಿಯ ಹೊತ್ತಿಗೆ, ಬೆರಳ ಉಗುರಿನಷ್ಟು ಅರಳಿತು. ಅತ್ತೆ ಸೊಸೆ ಇಬ್ಬರೂ ಕೂತು ಅದನ್ನೇ ನೋಡಿದರು. ಹೆರಿಗೆಗೆ ಸ್ವಲ್ಪ ದಿನ ಮುಂಚೆ, ಎರಡೂವರೆ ತಿಂಗಳ ಗಡುವು ತೀರಿದ ಮೇಲೆ, ನೀರಿನಲ್ಲಿ ತಾಮ್ರ ಉಳಿದಿಲ್ಲವೆಂದು ಅನು ಪರೀಕ್ಷೆ ಮಾಡಿ ನೋಡಿ, ಮದುಮಕ್ಕಳನ್ನು ತೊಟ್ಟಿಗೆ ತುಂಬಿಸಿಕೊಂಡದ್ದಾಯಿತು. ಹಂಡೆಯನ್ನು ದೇವಿರಮ್ಮ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದ್ದಳು. ನರ್ಸಿನ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಲಿಲ್ಲವೆಂದ ಮಾತ್ರಕ್ಕೆ ಮರೆತಿದ್ದಾರೆಂದು ಅವಳೂ ತಿಳಿದುಕೊಳ್ಳಲಿಲ್ಲ.

ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ಬಂದು, ಹೊಕ್ಕುಳಬಳ್ಳಿ ಬಿದ್ದು, ಮಗುವಿಗೆ ನೀರು ಹಾಕುವ ದಿನ ಬಂತು. ದೇವಿರಮ್ಮ ಬೆಳಿಗ್ಗೆಯೇ ಎದ್ದು ಸ್ಟೀಲು ಪಾತ್ರೆಯಲ್ಲಿ ನೀರು ಕಾಯಿಸಿ, ಬಚ್ಚಲು ತೊಳೆದು, ಮಣೆ, ಟವೆಲು, ಎಣ್ಣೆ ಬಟ್ಟಲು ಎಲ್ಲ ಅಣಿಮಾಡಿಟ್ಟು, ತಾನು ಅಡುಗೆಮನೆಗೆ ಬಂದು ಅವರೆಕಾಳು ಹಿಚುಕುತ್ತಾ ಕೂತಳು. ಕೈ ಹಿಚುಕುತ್ತಿತ್ತು, ಕಿವಿ ಬಾಗಿಲ ಕಡೆಗಿತ್ತು. ಅನು ಮಗುವನ್ನೆತ್ತಿಕೊಂಡು ಬಂದು ನಿಂತಳು.

"ನೀರು ರೆಡಿ ಅದೆ ಕಣಮ್ಮ" ಎಂದಳು ದೇವಿರಮ್ಮ ತಲೆ ಎತ್ತದೆ. "ನರ್ಸಮ್ಮ ಎಷ್ಟೊತ್ತಿಗೆ ಬತ್ತಾಳೆ?"

"ಯಾವ ನರ್ಸು ಅತ್ತೆ?" ಎಂದಳು ಅನು. "ಏಳಿ. ಅವಳಿಗೆ ಹಸಿವಾಗೋ ಮುಂಚೆ ನೀರು ಹಾಕಿಬಿಡಿ."

ಅವರೆಕಾಳು ಅಲ್ಲೇ ಉಳಿಯಿತು. ದೇವಿರಮ್ಮ ಹೇಗೆ ಎದ್ದಳೋ, ಹೇಗೆ ಬಚ್ಚಲಿಗೆ ಬಂದಳೋ ಅವಳಿಗೇ ತಿಳಿಯದು. ಕೈ ಉಜ್ಜಿ ತೊಳೆದುಕೊಂಡು ಮಣೆಯ ಮೇಲೆ ಕೂತು ಕಾಲು ನೀಡಿದಳು. ಎಣ್ಣೆ ಬಟ್ಟಲಿಗೆ ಬೆರಳಿಟ್ಟವಳು ತಡೆದಳು. "ಕಿವಿಗೆ ಬ್ಯಾಡ. ಮೂಗಿಗೂ ಬ್ಯಾಡ್ವಾ ಕಣಮ್ಮ?"

"ಬೇಡ ಅತ್ತೆ. ಮೈಗೆ ಮಾತ್ರ."

"ಆಯ್ತು. ಬಾ ಇಲ್ಲಿ, ನೀನೂ ನೀರು ನೋಡು. ಬೆರಳಲ್ಲ, ಮೊಣಕೈ ಇಡು."

ಅನು ಬಗ್ಗಿ ಮೊಣಕೈ ಅದ್ದಿದಳು. ಸರಿಯಾಗಿದೆ ಎಂದು ತಲೆಯಾಡಿಸಿ ಮಗುವನ್ನು ಅತ್ತೆಯ ಕಾಲ ಮೇಲೆ ಮಲಗಿಸಿದಳು. ಅಷ್ಟರಲ್ಲೇ ಮುಂಬಾಗಿಲು ದಡಾರನೆ ತೆರೆಯಿತು. ದೇವಿರಮ್ಮನ ಓರಗಿತ್ತಿ ಭಾಗ್ಯಮ್ಮ, ಬಿಸಿಲಲ್ಲಿ ನಡೆದು ಬಂದವಳು, "ಎಲ್ಲವ್ಳೆ ನಮ್ಮ ಚಿನ್ನಾರಿ?" ಎನ್ನುತ್ತಾ ಸೀದಾ ಒಳಕ್ಕೇ ನುಗ್ಗುತ್ತಿದ್ದಳು. ದೇವಿರಮ್ಮ ಗದರಲು ಬಾಯಿ ತೆರೆದಳು. ಅವಳಿಗಿಂತ ಮುಂಚೆ ಅನುವಿನ ದನಿ ಎದ್ದಿತು.

"ದೊಡ್ಡತ್ತೆ, ಅಲ್ಲೇ ನಿಲ್ಲಿ! ಕಾಲು ತೊಳ್ಕೊಂಡು ಜಗಲಿ ಮೇಲೆ ಕೂತ್ಕೊಳ್ಳಿ. ಬೆವರು ಆರಲಿ, ಆಮೇಲೆ ಒಳಗೆ."

"ಅಬ್ಬಬ್ಬಾ! ಸೊಸೆಗೂ ಕಲಿಸ್ಬುಟ್ಟಿದೀಯಲ್ಲೇ ದೇವಿರಿ!" ಎಂದು ಭಾಗ್ಯಮ್ಮ ಗೊಣಗುತ್ತಾ ನಲ್ಲಿಯ ಕಡೆಗೆ ಹೋದಳು.

ಅಷ್ಟು ವರ್ಷಗಳಲ್ಲಿ ದೇವಿರಮ್ಮನ ಬಚ್ಚಲಿನಲ್ಲಿ ಇನ್ನೊಬ್ಬರು ದನಿ ಎತ್ತಿದ್ದು ಅದೇ ಮೊದಲು. ಅವಳು ಸೊಸೆಯ ಮುಖವನ್ನೊಮ್ಮೆ ನೋಡಿದಳು, ಮಗುವಿನ ಹಣೆಗೆ ಎಡಗೈ ಅಡ್ಡ ಹಿಡಿದಳು, ಬಲಗೈಯಲ್ಲಿ ತಂಬಿಗೆ ಎತ್ತಿದಳು.

"ಹಾಕ್ಲಾ ಕಣಮ್ಮ?" ಎಂದು ಕೇಳಿದಳು.

"ಹಾಕಿ ಅತ್ತೆ" ಎಂದಳು ಅನು.